ಗಾಳಿ ಬಂದಾಗ ತೂರಿಕೊಂಡದ್ದು



ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಬುದ್ಧಿಮಾತುಗಳಲ್ಲಿ ‘ಗಾಳಿ ಬಂದಾಗ ತೂರಿಕೋ’ ಎಂಬುದೂ ಒಂದು. ಕಣದಲ್ಲಿ ಜೋಳದ ರಾಶಿ ಹಾಕಿಕೊಂಡು, ಗಾಳಿ ಎಂದು ಬೀಸೀತೋ ಎಂದು ಮುಗಿಲು ನೋಡುತ್ತ ಕುಳಿತವರಿಗೆ ಈ ಮಾತಿನ ಬೆಲೆ ಗೊತ್ತು. ಆದರೆ ತೂರುವ ಕೆಲಸದಲ್ಲಿ ಇನ್ನೊಂದು ವಿವೇಕವೂ ಅಡಗಿದೆ. ಕಾಳು ಕಾಲಬುಡದಲ್ಲಿ ಬೀಳಬೇಕು, ಹೊಟ್ಟು ದೂರ ಹಾರಬೇಕು. ಗಾಳಿ ಹದ ಮೀರಿ ಬೀಸಿದರೆ ಕಾಳೂ ಹಾರಿಹೋಗುತ್ತದೆ. ಅಂಥ ಹೊತ್ತಿನಲ್ಲಿ ಬಲ್ಲ ಒಕ್ಕಲಿಗನು ಮೊರವನ್ನು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾನೆ. ಈ ತಿಂಗಳು ಅಂಥದೊಂದು ಬಿರುಗಾಳಿಯ ಕಥೆಯನ್ನು, ಅದರಲ್ಲಿ ನನ್ನ ಮನೆತನದ ಪಾಲನ್ನೂ ಮರೆಮಾಚದೆ, ತಮ್ಮ ಮುಂದಿಡಬೇಕೆಂದಿದ್ದೇನೆ.

ಬಾದಾಮಿ ತಾಲೂಕಿನ ನಮ್ಮ ಕೆರೂರು ವಿಜಯಪುರ ಹುಬ್ಬಳ್ಳಿಗಳ ಹೆದ್ದಾರಿಯ ಮೇಲಿನ ಊರು. ಹಿಂಗಾರಿ ಜೋಳದ ರಾಶಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ಕಾಣುವ ನೋಟವನ್ನು ಈ ಭಾಗದವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಹಾಸಿಗೆಯ ಸುರುಳಿ, ಹಿಟ್ಟಿನ ಚೀಲ, ಪಾತ್ರೆಗಳ ಗಂಟು, ತಾಯಿಯ ಬಗಲಲ್ಲಿ ನಿದ್ದೆಗಣ್ಣಿನ ಕೂಸು. ಕೆಲವರು ಗೋವೆಗೆ, ಕೆಲವರು ಮಂಗಳೂರು ಉಡುಪಿಗಳಿಗೆ, ಕೆಲವರು ಬೆಂಗಳೂರಿಗೆ. ಇದಕ್ಕೆ ನಾವು ಗುಳೆ ಎನ್ನುತ್ತೇವೆ. ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳಿಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರುಷ ಅರ್ಧ ಊರೇ ಬಾಗಿಲಿಗೆ ಬೀಗ ಜಡಿದು ಹೊರಡುವುದುಂಟು. ಹೋದವರು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಊರಲ್ಲಿ ಉಳಿದವರು ಕೇಳುವುದು ವಿರಳ. ನಾನೂ ಬಹುಕಾಲ ಕೇಳಿದವನಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ನಮ್ಮವರು ದುಡಿಯಲು ಹೋಗುವ ಊರುಗಳ ಸಾಲಿನಲ್ಲಿ ಹೊಸಪೇಟೆ ಮತ್ತು ಸಂಡೂರುಗಳ ಹೆಸರೂ ಎದ್ದು ಕಾಣತೊಡಗಿತು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದು ಹಳೆಯ ಸಂಗತಿಯೇ. ಆದರೆ 2003ರ ನಂತರ ಚೀನಾ ದೇಶದಲ್ಲಿ ಉಕ್ಕಿನ ಹಸಿವು ಹೆಚ್ಚಿತು. 2008ರಲ್ಲಿ ಬೀಜಿಂಗಿನಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳ ಸಿದ್ಧತೆ ಒಂದು ಕಡೆ, ಅಲ್ಲಿಯ ನಗರಗಳ ಕಟ್ಟೋಣ ಇನ್ನೊಂದು ಕಡೆ. ಅದಿರಿನ ಬೆಲೆ ನೋಡನೋಡುತ್ತಲೇ ಏರಿತು. ಹಿಂದೆ ಕಸವೆಂದು ಗಣಿಯ ಬದಿಗೆ ಸುರಿಯುತ್ತಿದ್ದ ಅದಿರಿನ ಪುಡಿಗೂ ಗಿರಾಕಿಗಳು ಬಂದರು. ಹೊಟ್ಟೇ ಕಾಳಾಗಿ ಮಾರತೊಡಗಿದ ಮೇಲೆ ಯಾರ ಬುದ್ಧಿ ಸ್ಥಿಮಿತದಲ್ಲಿ ಉಳಿದೀತು?

ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿನವರೆಗೆ ಲಾರಿಗಳ ಸಾಲು ಹಗಲಿರುಳು ಹರಿಯಿತು. ರಸ್ತೆ ಕೆಂಪಾಯಿತು, ಬದಿಯ ಮರಗಳು ಕೆಂಪಾದವು, ಹೊಲದ ಪೈರಿನ ಮೇಲೆ ಕೆಂಪು ಧೂಳು ಕುಳಿತಿತು. ಬೆಳೆ ಬಾರದ ಹೊಲವನ್ನು ಕೆಲವು ರೈತರು ಅದಿರು ರಾಶಿ ಹಾಕುವ ಜಾಗವಾಗಿ ಬಾಡಿಗೆಗೆ ಕೊಟ್ಟರು. ಇನ್ನು ಕೆಲವರು ಸಾಲ ಮಾಡಿ ಲಾರಿ ಕೊಂಡರು. ಚಾಲಕರು, ಕ್ಲೀನರುಗಳು, ಯಂತ್ರ ರಿಪೇರಿಯವರು, ಟಾಯರ್ ಪಂಕ್ಚರಿನವರು, ಅದಿರು ಒಡೆಯುವ ಕೂಲಿಗಳು, ಅವರೆಲ್ಲರಿಗೆ ರೊಟ್ಟಿ ಬಡಿಯುವವರು, ಹೀಗೆ ಸಾವಿರಾರು ಜನ ಬಂದಿಳಿದರು. ಕೆಲಸವೇನೋ ಇತ್ತು, ಕೂಲಿಯೂ ಇತ್ತು. ಇಲ್ಲದ್ದು ತಲೆಯ ಮೇಲೊಂದು ಸೂರು.

ಇಲ್ಲಿಂದ ಮುಂದಿನದು ನನ್ನ ಮನೆತನದ ಮಾತು. ನನ್ನ ಹಿರಿಯಕ್ಕನನ್ನು ಹೊಸಪೇಟೆಗೆ ಕೊಟ್ಟಿದೆ. ಭಾವನವರಿಗೆ ಮನೆಯ ಹಿತ್ತಿಲಲ್ಲಿ ಒಂದಿಷ್ಟು ಖಾಲಿ ಜಾಗವಿತ್ತು. 2004ರಲ್ಲಿ ಅಲ್ಲಿ ಆರು ಖೋಲಿಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವ ವಿಚಾರ ಮಾಡಿದರು. ಬ್ಯಾಂಕಿನ ಸಾಲ ಸಾಲದೆ ಬಂದಾಗ ನಾನು ಹೊಲದ ಉತ್ಪನ್ನದಲ್ಲಿ ಕೂಡಿಟ್ಟಿದ್ದ ಹಣವನ್ನು ಕೊಟ್ಟೆ. ಬಾಡಿಗೆಯಲ್ಲಿ ನಾಲ್ಕಾಣೆ ಪಾಲು ನನ್ನದೆಂದು ಮಾತಾಯಿತು. ಮೊದಲ ಖೋಲಿಗೆ ಬಂದವಳು ಕೆರೂರಿಗೆ ಸಮೀಪದ ಹಳ್ಳಿಯೊಂದರ ಹೆಣ್ಣುಮಗಳು. ಗಂಡ ಅದಿರಿನ ಲಾರಿ ಓಡಿಸುತ್ತಿದ್ದ. ಈಕೆ ಖೋಲಿಯಲ್ಲಿಯೇ ಒಲೆ ಹೂಡಿ ಚಾಲಕರಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿಹಾಕುವ ಸಣ್ಣ ಖಾನಾವಳಿ ನಡೆಸಿದಳು. ತಿಂಗಳಿಗೆ ಬಾಡಿಗೆ ಐನೂರು ರೂಪಾಯಿ. ಒಂದು ದಿನವೂ ತಪ್ಪಿಸಿದವಳಲ್ಲ. ಅಕ್ಕನಿಗೆ ಜ್ವರ ಬಂದಾಗ ಮನೆಯ ಒಲೆಯನ್ನೂ ಆಕೆಯೇ ನೋಡಿಕೊಂಡಳೆಂದು ಅಕ್ಕ ಹೇಳುತ್ತಿದ್ದಳು.

2006ರ ಬೇಸಿಗೆಯಲ್ಲಿ ಒಂದು ರಾತ್ರಿ ಭಾವನವರ ಫೋನು ಬಂದಿತು.

“ತಮ್ಮಾ, ಗುತ್ತಿಗೆದಾರ ಒಬ್ಬ ಬಂದಾನ. ಆರೂ ಖೋಲಿ ಒಟ್ಟಿಗೇ ಬೇಕಂತ. ಒಂದೊಂದಕ್ಕ ಎರಡೂವರೆ ಸಾವಿರ ಕೊಡ್ತಾನಂತ. ಆದ್ರ ಆ ಖಾನಾವಳಿ ತಂಗಿನ್ನ ಬಿಡಿಸಬೇಕಾಗ್ತೈತಿ. ಏನಂತಿ?”

ನಾನು ಯೋಚಿಸಲು ಅರೆಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. “ಗಾಳಿ ಬಂದಾಗ ತೂರಿಕೋಬೇಕ್ರಿ ಭಾವ” ಎಂದೆ. ಹಿರಿಯರ ಮಾತನ್ನೇ ಆಡಿದೆನೆಂಬ ಸಮಾಧಾನದಿಂದ ಮಲಗಿದೆ.

ಇಂಥ ಮಾತು ಆ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ನಡೆದಿರಬೇಕು! ಒಂದು ಊರಿಗೆ ಹಠಾತ್ತನೆ ಸಂಪತ್ತು ಹರಿದುಬಂದಾಗ ಮೊದಲು ಏರುವುದು ನೆಲದ ಬೆಲೆ ಮತ್ತು ಸೂರಿನ ಬಾಡಿಗೆ. ಕೂಲಿಯೂ ಏರುತ್ತದೆ ನಿಜ, ಆದರೆ ಬಾಡಿಗೆಯ ಹೆಜ್ಜೆಗೆ ಹೆಜ್ಜೆ ಹಾಕುವುದು ಅದಕ್ಕೆ ಆಗುವುದಿಲ್ಲ. ಖೋಲಿ ಕಟ್ಟಲು ವರುಷ ಬೇಕು, ಜನ ಬರಲು ಒಂದು ಬಸ್ಸು ಸಾಕು. ಹೀಗಾಗಿ ದೊಡ್ಡ ಹಣದವನು ಖೋಲಿಯನ್ನು ಹಿಡಿಯುತ್ತಾನೆ, ಆ ಊರಿನ ಕೆಲಸವನ್ನು ನಿಜವಾಗಿ ನಡೆಸುವ ದುಡಿಮೆಗಾರನು ಬಯಲಿಗೆ ಬೀಳುತ್ತಾನೆ. ಗಣಿಯ ಭರಾಟೆಯ ಕಾಲದಲ್ಲಿ ಎಷ್ಟೋ ಚಾಲಕರಿಗೆ ಲಾರಿಯ ಕ್ಯಾಬಿನ್ನೇ ಮನೆ. ಬಂದರಿನ ದಾರಿಯಲ್ಲಿ ಸಾಲುಗಟ್ಟಿ ನಿಂತಾಗ ಅಲ್ಲಿಯೇ ನಿದ್ದೆ, ರಸ್ತೆಬದಿಯಲ್ಲಿಯೇ ಸ್ನಾನ, ಚಕ್ರದ ಮರೆಯಲ್ಲಿಯೇ ಅಡಿಗೆ.

ಇದು ನಮ್ಮ ನಾಡಿನ ದೋಷವೆಂದು ಮಾತ್ರ ತಿಳಿಯಬಾರದು. ಅಮೆರಿಕದ ಉತ್ತರ ಡಕೋಟಾ ಸಂಸ್ಥಾನದ ವಿಲಿಸ್ಟನ್ ಎಂಬ ಸಣ್ಣ ಊರಿನ ವೃತ್ತಾಂತ ಇದಕ್ಕೆ ಕನ್ನಡಿ ಹಿಡಿದಂತಿದೆ. ಅಲ್ಲಿಯ ಬಾಕನ್ ಎಂಬ ಶಿಲಾಪದರದಿಂದ ಕಲ್ಲೆಣ್ಣೆ ತೆಗೆಯುವ ಹೊಸ ವಿಧಾನ ಕೈಗೂಡಿದ ಮೇಲೆ, 2008ರ ಸುಮಾರಿಗೆ, ದೇಶದ ಮೂಲೆಮೂಲೆಗಳಿಂದ ದುಡಿಯುವವರು ಧಾವಿಸಿದರು. 2010ರ ಜನಗಣತಿಯಲ್ಲಿ ಹದಿನೈದು ಸಾವಿರವನ್ನೂ ಮುಟ್ಟದಿದ್ದ ಜನಸಂಖ್ಯೆ 2020ರ ಗಣತಿಗೆ ಇಪ್ಪತ್ತೊಂಬತ್ತು ಸಾವಿರ ದಾಟಿತು. ಆ ದೇಶದಲ್ಲಿ ಚಕ್ರಗಳ ಮೇಲೆ ಕಟ್ಟಿದ ಮನೆಗಳುಂಟು. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಅದರಲ್ಲಿಯೇ. ಅಂಥ ಗಾಡಿಗಳನ್ನು ನಿಲ್ಲಿಸಿ ನೀರು, ವಿದ್ಯುತ್ತು ಪಡೆಯಲು ಬಾಡಿಗೆಯ ಬಯಲುಗಳಿವೆ. ಮೊದಲು ಅವು ವಿಹಾರಕ್ಕೆ ಬಂದ ಪ್ರವಾಸಿಗರಿಗಾಗಿ, ನಿವೃತ್ತರಿಗಾಗಿ ಇದ್ದಂಥವು. ಎಣ್ಣೆಯ ಸುಗ್ಗಿಯಲ್ಲಿ ಅಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೂ ಬೆಲೆ ಏರಿತು. ಜಾಗ ಸಿಗದವರು ಅಂಗಡಿಗಳ ಮುಂದಿನ ಬಯಲಿನಲ್ಲಿ ವಾಹನ ನಿಲ್ಲಿಸಿ ಅದರಲ್ಲಿಯೇ ಮಲಗಿದರು. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯುವ ಚಳಿಯ ನಾಡು ಅದು. 2014ರಲ್ಲಿ ಆ ಊರಿನಲ್ಲಿ ಒಂದೇ ಮಲಗುವ ಕೋಣೆಯ ಮನೆಗೆ ತಿಂಗಳ ಬಾಡಿಗೆ ಎರಡು ಸಾವಿರ ಡಾಲರನ್ನು ಮೀರಿ, ನ್ಯೂಯಾರ್ಕಿನಂಥ ಮಹಾನಗರವನ್ನೂ ಹಿಂದೆ ಹಾಕಿತು. ಅದೇ ವರುಷದ ಮಧ್ಯಭಾಗದಲ್ಲಿ ಪೀಪಾಯಿಗೆ ನೂರು ಡಾಲರಿಗೂ ಮೇಲಿದ್ದ ಎಣ್ಣೆಯ ಬೆಲೆ 2016ರ ಆರಂಭಕ್ಕೆ ಮೂವತ್ತರ ಕೆಳಗಿಳಿಯಿತು. ಬಂದವರು ಗಾಡಿ ಕಟ್ಟಿಕೊಂಡು ಹೊರಟರು, ಹೊಸದಾಗಿ ಕಟ್ಟಿದ ಮನೆಗಳು ಬಾಡಿಗೆದಾರರಿಲ್ಲದೆ ಉಳಿದವು.

ಹೊಸಪೇಟೆಯ ಕಥೆಗೆ ಮರಳುತ್ತೇನೆ. 2008ರಲ್ಲಿ ಅಕ್ಕನ ಮಗಳ ಮದುವೆಯ ಜವಳಿ ತರಲು ನಾನು ಇಲಕಲ್ಲಿಗೆ ಹೋಗಿ, ಅಲ್ಲಿಂದ ಕುಷ್ಟಗಿಯ ಮೇಲೆ ಹೊಸಪೇಟೆ ಸೇರಿದೆ. ಮರುದಿನ ಕೆಲಸದ ನಿಮಿತ್ತ ಸಂಡೂರಿನ ದಾರಿ ಹಿಡಿದಾಗ ರಸ್ತೆಯ ಬದಿಗೆ ತಾಡಪತ್ರಿಯ ಗುಡಿಸಲೊಂದರ ಮುಂದೆ ನಮ್ಮ ವಾಹನ ನಿಂತಿತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವಳು ಮುಖವೆತ್ತಿದಳು. ಅದೇ ಹೆಣ್ಣುಮಗಳು. ಹಿಟ್ಟಿನ ಪರಾತದ ಮೇಲೆ ಧೂಳು ಬೀಳದಂತೆ ಒದ್ದೆ ಬಟ್ಟೆ ಹಾಕಿದ್ದಳು. ಆ ಬಟ್ಟೆಯೇ ಕೆಂಪಾಗಿತ್ತು. ಹಿಂದೆ ಗುಡಿಸಲಿನ ಒಳಗೆ ಎಂಟು ಹತ್ತು ವರುಷದ ಹುಡುಗನೊಬ್ಬ ಕೆಮ್ಮುತ್ತ ಮಲಗಿದ್ದ.

“ಬರ್ರಿ ಅಣ್ಣಾರ, ಕೂಡ್ರಿ. ಅಕ್ಕಾರು ಆರಾಮ ಅದಾರೇನ್ರಿ?” ಎಂದಳು. ನನ್ನ ಗುರುತು ಆಕೆಗೆ ಇತ್ತು. ಖೋಲಿ ಬಿಡಿಸಿದವರಲ್ಲಿ ನಾನೂ ಒಬ್ಬನೆಂಬುದು ಗೊತ್ತಿತ್ತೋ ಇಲ್ಲವೋ, ಅಂದು ನಾನು ಅರಿಯದಾದೆ. ಎರಡು ರೊಟ್ಟಿ ಉಂಡೆ. ಹಣ ಕೊಡಲು ಹೋದಾಗ ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ನಮ್ಮೂರ ಕಡೆಯವರು ನೀವು. ಪರಸ್ಥಳದಾಗ ನಿಮ್ಮ ಕಡಿಂದ ರೊಕ್ಕ ಇಸಕೊಂಡ್ರ ಹೆಂಗ್ರಿ?”

ನನ್ನ ಜೇಬಿನಲ್ಲಿ ಆ ತಿಂಗಳ ಬಾಡಿಗೆಯ ಪಾಲು ಇತ್ತು. ಆಕೆಯ ಖೋಲಿಯ ಬಾಡಿಗೆಯೂ ಅದರಲ್ಲಿ ಸೇರಿತ್ತು. ದಾಸೋಹದ ಮೇಲೆ ವೇದಿಕೆಗಳಲ್ಲಿ ಮಾತನಾಡಿದ್ದ ನನಗೆ ದಾಸೋಹವೆಂದರೇನೆಂಬುದನ್ನು ಸೂರು ಕಳೆದುಕೊಂಡವಳೊಬ್ಬಳು ಎರಡು ರೊಟ್ಟಿಗಳಲ್ಲಿ ತಿಳಿಸಿದಳು. ಆದರೂ ಹೇಳಬೇಕು: ಊರಿಗೆ ಮರಳಿದ ಮೇಲೆ ಭಾವನವರಿಗೆ ಫೋನು ಮಾಡಿ ‘ಆಕೆಗೆ ಒಂದು ಖೋಲಿ ಕೊಡಿರಿ’ ಎನ್ನುವ ಧೈರ್ಯ ನನಗೆ ಬರಲಿಲ್ಲ. ಎರಡೂವರೆ ಸಾವಿರ ಆಗ ಮೂರೂವರೆ ಸಾವಿರವಾಗಿತ್ತು.

ಗಾಳಿ ನಿಂತ ಬಗೆಯನ್ನು ಎಲ್ಲರೂ ಬಲ್ಲರು. 2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ ಮೊದಲ ವರದಿ ಕೊಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತರ ಎರಡನೆಯ ವರದಿ ಬಂದಿತು. ಅದೇ ತಿಂಗಳ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರವಾಗಿದೆ. ಬೆಟ್ಟ, ಕಾಡು, ನೀರುಗಳ ದೃಷ್ಟಿಯಿಂದ ಆ ಆಜ್ಞೆ ಬರಬೇಕಾದದ್ದೇ. ಅದಿಲ್ಲದಿದ್ದರೆ ಸಂಡೂರಿನ ಗುಡ್ಡಗಳ ಗತಿ ಏನಾಗುತ್ತಿತ್ತೆಂದು ನೆನೆಯಲೂ ಅಂಜಿಕೆಯಾಗುತ್ತದೆ. ಆದರೆ ಲೂಟಿ ಮಾಡಿದವರ ಪಾಪಕ್ಕೆ ಮೊದಲು ದಂಡ ತೆತ್ತವರು ದಿನಗೂಲಿಯವರು. ಲಾರಿಗಳು ಸಾಲಾಗಿ ನಿಂತವು, ಕಂತು ಕಟ್ಟಲಾಗದವರ ಲಾರಿಗಳನ್ನು ಸಾಲ ಕೊಟ್ಟವರು ಎಳೆದೊಯ್ದರು. ಮರುವರುಷ, 2012ರಲ್ಲಿ, ಗೋವೆಯ ಗಣಿಗಳೂ ನಿಂತವು. ಇತ್ತ ದುಡಿಮೆಯಿಲ್ಲವೆಂದು ಅತ್ತ ಹೋಗೋಣವೆಂದವರಿಗೆ ಆ ಬಾಗಿಲೂ ಮುಚ್ಚಿತು. ಬಳ್ಳಾರಿಯ ಕೆಲವು ಗಣಿಗಳು 2012ರ ಸೆಪ್ಟೆಂಬರಿನಿಂದ ಮಿತಿಗೊಳಪಟ್ಟು ಮತ್ತೆ ತೆರೆದವು. ಆ ಹಿಂದಿನ ಭರಾಟೆ ಮಾತ್ರ ಕೂಡಲೇ ಮರಳಲಿಲ್ಲ.

ನಮ್ಮ ಆರು ಖೋಲಿಗಳು ಒಂದೇ ತಿಂಗಳಲ್ಲಿ ಖಾಲಿಯಾದವು. ಗುತ್ತಿಗೆದಾರನು ಎರಡು ತಿಂಗಳ ಬಾಡಿಗೆ ಉಳಿಸಿಕೊಂಡು ಹೋದವನು ಮತ್ತೆ ಕಾಣಲಿಲ್ಲ. ಏರಿದ ಬಾಡಿಗೆಯನ್ನು ನಂಬಿ ಭಾವನವರು ಮೇಲಂತಸ್ತಿಗೆಂದು ಎತ್ತಿದ್ದ ಸಾಲ ತಲೆಯ ಮೇಲೆ ಉಳಿಯಿತು. ಒಂದು ದಿನ ಅಕ್ಕ ಫೋನಿನಲ್ಲಿ ನಿಧಾನವಾಗಿ ಹೇಳಿದಳು: “ಆ ತಂಗಿ ಇದ್ದಿದ್ರ ಐನೂರಾದ್ರೂ ಬರತಿತ್ತೋ ತಮ್ಮಾ. ಮನಿಯೊಳಗ ಒಂದು ಜೀವದ ಸಪ್ಪಳಾದ್ರೂ ಇರತಿತ್ತು.” ನಾವು ತೂರಿಕೊಂಡದ್ದೇನು, ಹಾರಿಸಿಬಿಟ್ಟದ್ದೇನು ಎಂಬುದು ಆ ಕ್ಷಣದಲ್ಲಿ ಅರಿವಾಯಿತು. ಎರಡೂವರೆ ಸಾವಿರವೆಂಬುದು ಗಾಳಿಯೊಡನೆ ಬಂದು ಗಾಳಿಯೊಡನೆ ಹೋದ ಹೊಟ್ಟು. ತಪ್ಪದೆ ಬರುತ್ತಿದ್ದ ಐನೂರು, ಜ್ವರದಲ್ಲಿ ಒಲೆ ನೋಡಿಕೊಂಡ ಕೈ, ಇವೇ ಕಾಳು.

ಶರಣರ ಪರಂಪರೆಯನ್ನು ಬಲ್ಲವರಿಗೆ ಈ ವಿವೇಕ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವೂ ಹೊರಗಿನಿಂದ ಬಂದ ದುಡಿಮೆಗಾರರಿಂದ ತುಂಬಿದ ಪಟ್ಟಣವೇ ಆಗಿತ್ತು. ಕಟ್ಟಿಗೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ, ಆದಯ್ಯನವರು ಸೌರಾಷ್ಟ್ರದವರು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳೂ ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಹೊರಟು ಕಲ್ಯಾಣ ಸೇರಿದವರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ದಿನಕ್ಕೆ ಬೇಕಾದಷ್ಟನ್ನು ಇರಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಚೆಲ್ಲಿ ಬರಲು ಲಕ್ಕಮ್ಮನವರು ಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಬರುತ್ತದೆ. ಅಂದು ಮಾರಯ್ಯನವರ ಕಾಲಬುಡದಲ್ಲಿ ಅಕ್ಕಿ ಹೆಚ್ಚಾಗಿ ಬಿದ್ದಿತ್ತು. ನಮ್ಮ ಕಾಲಬುಡದಲ್ಲಿ ಬಾಡಿಗೆ ಹೆಚ್ಚಾಗಿ ಬಿದ್ದಿತ್ತು. ಆ ಮನೆಯಲ್ಲಿ ಲಕ್ಕಮ್ಮನವರಿದ್ದರು, ನಮ್ಮ ಮನೆಯಲ್ಲಿ ಹಾಗೆ ಹೇಳುವವರು ಇರಲಿಲ್ಲ. ಇದ್ದರೂ ನಾವು ಕೇಳುತ್ತಿದ್ದೆವೆಂದು ನಂಬಲಾರೆ.

ಈ ಮಾತನ್ನು ಇಂದು ಆಡುವ ಕಾರಣವಿದೆ. ಭರಾಟೆ ಎಂಬುದು ಬಳ್ಳಾರಿಗೆ ಮಾತ್ರ ಬರುವ ಅತಿಥಿಯಲ್ಲ. ಇಲಕಲ್ಲಿನ ಕೆಂಪು ಗ್ರಾನೈಟ್ ಕಲ್ಲು ಪರದೇಶಗಳಿಗೆ ಹೋಗತೊಡಗಿದಾಗ ಅಲ್ಲಿಗೂ ಹೊರಗಿನ ಕೆಲಸಗಾರರು ಬಂದರು. ಹೆದ್ದಾರಿಯ ಅಗಲೀಕರಣ, ಕಾಲುವೆ, ಕೊಳವೆಮಾರ್ಗ, ಗಾಳಿಯಂತ್ರ, ಸಕ್ಕರೆ ಕಾರಖಾನೆ, ಯಾವುದಾದರೊಂದು ಕೆಲಸ ನಮ್ಮ ಯಾವ ಊರಿಗಾದರೂ ನಾಳೆ ಬಂದೀತು. ಆಗ ಬಿಹಾರದವರೋ ಒಡಿಶಾದವರೋ ನಮ್ಮ ಓಣಿಯಲ್ಲಿ ಖೋಲಿ ಕೇಳಿಯಾರು. ಅದೇ ಹೊತ್ತಿಗೆ ನಮ್ಮ ಹಳ್ಳಿಯ ಮಕ್ಕಳು ಗೋವೆಯಲ್ಲಿ, ಮಂಗಳೂರಿನಲ್ಲಿ ಖೋಲಿ ಕೇಳುತ್ತ ನಿಂತಿರುತ್ತಾರೆ. ಅಲ್ಲಿ ನಮ್ಮವರಿಗೆ ಸಿಗಬೇಕೆಂದು ನಾವು ಬಯಸುವ ಮರ್ಯಾದೆಯನ್ನು ಇಲ್ಲಿ ಬಂದವರಿಗೆ ಕೊಡದಿದ್ದರೆ ನಮ್ಮ ಬಯಕೆಗೆ ಅರ್ಥವೆಲ್ಲಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಅನ್ಯ ರಾಜ್ಯದಿಂದ ಕರೆತಂದ ಕೂಲಿಗಳಿಗೆ ತಕ್ಕ ವಸತಿ ಕೊಡುವುದು ಗುತ್ತಿಗೆದಾರನ ಹೊಣೆಯೆಂದು 1979ರ ಕಾಯ್ದೆಯೇ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆ ಕೆಲಸದ ಅವಧಿಯಲ್ಲಿ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯ್ದೆ ಹೇಳಿತ್ತು. ಕಾಗದದ ಮೇಲಿನ ಮಾತು ತಾಡಪತ್ರಿಯ ಗುಡಿಸಲನ್ನು ತಲುಪಲಿಲ್ಲ. ಗಣಿಬಾಧಿತ ಪ್ರದೇಶಗಳ ಹಿತಕ್ಕಾಗಿ 2015ರ ತಿದ್ದುಪಡಿಯ ಮೇರೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಆ ಹಣ ಸಲ್ಲುವಾಗ ಬಂದುಹೋಗುವ ದುಡಿಮೆಗಾರನ ಹೆಸರೂ ಲೆಕ್ಕದಲ್ಲಿ ಬರಬೇಕೆಂದು ಕೇಳುವ ಹಕ್ಕು ಆ ಊರುಗಳ ಜನರಿಗಿದೆ.

ಸರಕಾರ ಮಾಡುವುದನ್ನು ಸರಕಾರ ಮಾಡಲಿ. ಖೋಲಿಯ ಬೀಗದ ಕೈ ಇರುವುದು ನಮ್ಮ ಸೊಂಟದಲ್ಲಿ. ಬಾಡಿಗೆಗೆ ಕೊಡುವ ಮನೆತನಗಳು ಒಂದಿಷ್ಟನ್ನು ನಿಯಮವಾಗಿ ಇಟ್ಟುಕೊಳ್ಳಬಹುದು. ಕರಾರುಪತ್ರ ಬರೆದುಕೊಂಡು, ಅದರ ಅವಧಿ ಮುಗಿಯುವವರೆಗೆ ಬಾಡಿಗೆ ಏರಿಸಬಾರದು. ಹೆಚ್ಚು ಕೊಡುವವನು ಬಂದನೆಂದು ಇರುವವನನ್ನು ಎಬ್ಬಿಸಬಾರದು. ನೀರು ಮತ್ತು ಪಾಯಖಾನೆ ಇಲ್ಲದ ಖೋಲಿಗೆ ಬಾಡಿಗೆ ಕೇಳಬಾರದು. ಭರಾಟೆಯ ಬಾಡಿಗೆಯನ್ನು ಕಾಯಂ ಆದಾಯವೆಂದು ನಂಬಿ ಸಾಲ ಎತ್ತಲೇಬಾರದು. ಬಂದವರ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು, ತಮ್ಮ ರಾಜ್ಯದ ಪಡಿತರ ಚೀಟಿಯ ಮೇಲೆ ಇಲ್ಲಿಯೇ ಧಾನ್ಯ ಪಡೆಯಲು ಇರುವ ಅನುಕೂಲವನ್ನು ತಿಳಿಸಿಕೊಡಲು ಹಣ ಬೇಕಿಲ್ಲ, ಅರ್ಧ ದಿನದ ಓಡಾಟ ಸಾಕು. ಮಠದ ಜಾಗವಿರುವ ಊರುಗಳಲ್ಲಿ ಹಿರಿಯರು ಮನಸ್ಸು ಮಾಡಿದರೆ, ಹೊಸದಾಗಿ ಬಂದ ಕುಟುಂಬವೊಂದು ನೆಲೆ ಹುಡುಕಿಕೊಳ್ಳುವವರೆಗೆ ನಾಲ್ಕು ರಾತ್ರಿ ತಂಗಲು ಒಂದು ಪಡಸಾಲೆ ದೊರೆಯದೆ ಇರದು. ಕೈಯಲ್ಲಿ ದಿನಗೂಲಿ, ಸುತ್ತಲೂ ಪರಸ್ಥಳ ಇದ್ದಾಗ ದುಡಿಮೆಗಾರನು ಕುಡಿತಕ್ಕೆ ಜಾರುವುದು ಸುಲಭ. ಇಲಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ನಾಡು ನಮ್ಮದು. ಆ ಜೋಳಿಗೆ ಬಂದವರ ಗುಡಿಸಲಿನವರೆಗೂ ಹೋಗಬೇಕು, ಆದರೆ ಮೊದಲು ಒಂದು ಸೂರನ್ನು ತೋರಿಸಿ ಆಮೇಲೆ ಬುದ್ಧಿ ಹೇಳುವುದು ಲೇಸು.

ಕೊನೆಯದಾಗಿ ಒಂದು ಮಾತು. ಆ ಹೆಣ್ಣುಮಗಳು 2012ರಲ್ಲಿ ಊರಿಗೆ ಮರಳಿದಳು. ಮಗನ ಕೆಮ್ಮು ವಾಸಿಯಾಯಿತು, ಅವನೀಗ ಹುಬ್ಬಳ್ಳಿಯಲ್ಲಿ ದುಡಿಯುತ್ತಾನೆ. ಆಕೆ ಕೆರೂರಿನ ಸಂತೆಯ ದಿನ ಕಟಕರೊಟ್ಟಿ ಮಾರಲು ಬರುವುದುಂಟು. ಒಮ್ಮೆ ಧೈರ್ಯ ಮಾಡಿ, ಖೋಲಿ ಬಿಡಿಸುವಂತೆ ಹೇಳಿದವನು ನಾನೇ ಎಂದು ತಿಳಿಸಿದೆ. ಆಕೆ ರೊಟ್ಟಿ ಎಣಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ರಿ ಅಣ್ಣಾರ” ಎಂದಳು, “ಅಕ್ಕಾರು ಅವತ್ತೇ ಅಳಕೋತ ಹೇಳಿದ್ರು.” ಅಂದರೆ ರಸ್ತೆಬದಿಯಲ್ಲಿ ರೊಟ್ಟಿ ಬಡಿಸಿದ ದಿನವೂ ಆಕೆಗೆ ಎಲ್ಲವೂ ಗೊತ್ತಿತ್ತು.

ನನ್ನ ಮನೆಯ ಹಿಂದೆಯೂ ಈಗ ಒಂದು ಖೋಲಿ ಇದೆ. ಕಟ್ಟಡ ಕೆಲಸಕ್ಕೆ ಬಂದ ಒಂದು ಕುಟುಂಬ ಅದರಲ್ಲಿದೆ. ಕಳೆದ ವರುಷ ಇಮ್ಮಡಿ ಕೊಡುತ್ತೇನೆಂದು ಒಬ್ಬರು ಬಂದು ಕೇಳಿದರು. ಖೋಲಿ ಖಾಲಿಯಿಲ್ಲವೆಂದು ಹೇಳಿ ಕಳಿಸಿದೆ.